ಗೋಡೆಯ ಕಡೆ ತಿರುಗಿದ ಪಾದ

ಮೇ ೧೪, ಮಂಗಳವಾರ

ನನ್ನ ಗಂಡ ಮರ್ಡೊ ಕ್ಲಬ್ಬಿನಲ್ಲಿ ಆಡಿದ ಮಾತು ಇನ್ನೂ ಒಳಗೆ ಕೊರೆಯುತ್ತಿದೆ.

ಮದುವೆಯಾದಾಗಿನಿಂದ ನಾನು ಹೊಡೆದ ಗಾಲ್ಫ್ ಚೆಂಡು ಬಲಕ್ಕೆ ವಾಲಿ ಸಮುದ್ರಕ್ಕೇ ಬೀಳುತ್ತಿತ್ತು. "ಇನ್ನೂ ಎಡಕ್ಕೆ ತಿರುಗಿ ನಿಂತ್ಕೊಳ್ಳೇ, ಮೈ ಅಲ್ಲಾಡಿಸ್ಬೇಡ" ಎಂದು ಮರ್ಡೊ ಗದರುತ್ತಿದ್ದ. ಹಾಗೇ ನಿಂತೆ. ಚೆಂಡು ಇನ್ನಷ್ಟು ಬಲಕ್ಕೆ ಹೋಯಿತು.

ಇವತ್ತು ಅವನಿಗೆ ಹೇಳದೆ ಹೊಸ ತರಬೇತುಗಾರ್ತಿ ಇಶ್‌ಬೆಲ್ ಹತ್ತಿರ ಹೋದೆ. ಅವಳು ನನ್ನ ಕಾಲ್ಬೆರಳುಗಳಿಗೆ ತಾಗಿಸಿ ಒಂದು ಕೋಲು ಇಟ್ಟಳು. ಅದು ಚೆಂಡು ಬೀಳಬೇಕಾದ ಗುಳಿಯ ಬಾವುಟದ ಕಡೆಗಲ್ಲ, ಎಡಗಡೆಯ ಸ್ಮಶಾನದ ಗೋಡೆಯ ಕಡೆಗಿತ್ತು.

"ಹೀಗೆ ನಿಂತ್ರೆ ಹೊಡೆತ ಅಡ್ಡ ಸವರಿ ಚೆಂಡು ಬಲಕ್ಕೇ ತಿರುಗುತ್ತೆ. ಹೀಗೆ ನಿಲ್ಲೋಕೆ ಯಾರು ಹೇಳ್ಕೊಟ್ರು, ಎಫೀ?"

"ಇನ್ಯಾರು, ನನ್ನ ಗಂಡ."

"ಅವರ ಚೆಂಡು ನೆಟ್ಟಗೆ ಹೋಗುತ್ತಾ?"

ನಗು ಬಂತು. ಆಮೇಲೆ ಅಳು.

ಪಾದ ಸರಿಮಾಡಿಕೊಂಡು, ಸೊಂಟ, ಭುಜ ಪೂರ್ತಿ ತಿರುಗಿಸಿ ಹೊಡೆದೆ. ಚೆಂಡು ನೇರ ಬಾವುಟದ ಬುಡಕ್ಕೆ ಹೋಯಿತು.

ಸಂಜೆ ಮರ್ಡೊನ ಎದುರೂ ಹಾಗೇ ಹೊಡೆದೆ. ಅವನು ಕ್ಲಬ್ಬಿನಲ್ಲಿ ಗೆಳೆಯರಿಗೆಲ್ಲ ವಿಸ್ಕಿ ಕೊಡಿಸಿದ. "ಹೇಳೀ ಹೇಳೀ ನನ್ನ ಗಂಟ್ಲು ಒಣಗಿತ್ತು ಕಣ್ರೋ, ಅಂತೂ ಇವಳ ತಲೆಗೆ ಹೋಯ್ತು!" ಎಂದ. ನಾನು ಸೂಪಿಗೆ ಇನ್ನಷ್ಟು ಮೆಣಸು ಉದುರಿಸಿಕೊಂಡೆ.

ಅವನ ಚೆಂಡು ಇವತ್ತೂ ಸಮುದ್ರಕ್ಕೇ ಬಿತ್ತು. ಅವನ ಪಾದಗಳೂ ಅದೇ ಗೋಡೆಯ ಕಡೆಗಿವೆ. ನಾನಂತೂ ಹೇಳುವುದಿಲ್ಲ. ಸಾಯುವವರೆಗೂ ಹಾಗೇ ನಿಂತಿರಲಿ.