ಕಪ್ತಾನ ಹೇಳದ ಮಾತು

ಜೂನ್ ೭, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಿನ್ನ ಮಂಡಿ ಮೆಟ್ಟಿಲು ಹತ್ತಲು ಒಪ್ಪುತ್ತಿದೆಯೋ, ಇಲ್ಲ ಈಗಲೂ ಮುನಿಸಿಕೊಂಡೇ ಇದೆಯೋ? ಯಜಮಾನರ ಕೆಮ್ಮು ಇಳಿಯಿತೆ? ಗುಂಡನ ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದರೆ? ನಮ್ಮ ರೇಡಿಯೋಗೆ ಗಂಟಲು ಕಟ್ಟಿ ಮನೆಯೆಲ್ಲ ನಿಶ್ಶಬ್ದ ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ನಾನೂ ನಿನ್ನ ಭಾವನೂ ನಕ್ಕು ನಕ್ಕು ಸಾಕಾದೆವು. ಇಷ್ಟು ಹೊತ್ತಿಗೆ ನಿನ್ನ ಮಗಳು ಮತ್ತೆ ಪ್ರಸಾರ ಶುರು ಮಾಡಿರಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ.

ನಿನ್ನ ಎರಡು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ಸಿಟ್ಟು ಮಾಡಿಕೊಂಡಿರುತ್ತೀಯ. ಮಾಡಿಕೋ, ಆದರೆ ಇದನ್ನು ಓದಿ ಮುಗಿಸಿದ ಮೇಲೆ. ಫೋನಿನಲ್ಲಿ ಎಷ್ಟೋ ಸಲ ತುಟಿತನಕ ಬಂದ ಮಾತನ್ನು ನುಂಗಿಕೊಂಡೆ. ಹೇಳಿದ್ದರೆ ನೀನು ನಗುತ್ತಿದ್ದೆ, ಇಲ್ಲವೇ ಸುಮ್ಮನಾಗಿಬಿಡುತ್ತಿದ್ದೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ಆಗ ನನಗಿರಲಿಲ್ಲ. ಈಗ ಕೇಳು. ನಿನ್ನ ಅಕ್ಕನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬಿ.ಎ., ಇತಿಹಾಸ. ಈ ತಿಂಗಳು ಮುಗಿಯುವುದರೊಳಗೆ ಹೋಗಿ ಸಹಿ ಹಾಕಿದರೆ ಅದು ನನ್ನದು. ಹಾಕದಿದ್ದರೆ ಸರದಿಯಲ್ಲಿ ಕಾಯುತ್ತಿರುವ ಇನ್ನೊಂದು ಮಗುವಿನದು.

"ಇನ್ನೊಂದು ಮಗು" ಎಂದು ಬರೆದು ನನಗೇ ನಗು ಬಂತು. ಮೊದಲನೆಯ ಮಗುವಿಗೆ ಐವತ್ತೆಂಟು ತುಂಬಿದೆ.

ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿ ಪಾಸಾದದ್ದು ನಿನಗೆ ಗೊತ್ತು. ಆಮೇಲೆ ಮಗನಿಗೆ ಕೆಲಸವಾಗಿ ನಾವು ಈ ಊರಿಗೆ ಬಂದೆವಲ್ಲ, ಬಂದ ಮೇಲೆ ಸದ್ದಿಲ್ಲದೆ ಹನ್ನೆರಡನೆಯದನ್ನೂ ಕಟ್ಟಿದೆ. ಪಾಸಾಯಿತು. ಸಾಕು ಅಂತ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ. ಆದರೆ ಬೆಕ್ಕಿಗೆ ಹಾಲಿನ ರುಚಿ ಹತ್ತಿದ ಮೇಲೆ ಪಾತ್ರೆ ಮುಚ್ಚಿಟ್ಟರೇನು ಬಂತು? ಒಂದು ದಿನ ಮಗನನ್ನು ಕೇಳಿಯೇಬಿಟ್ಟೆ. ಅವನು ಬೆಚ್ಚಿಬೀಳಲಿಲ್ಲ, ಪುಣ್ಯಾತ್ಮ. ಕಂಪ್ಯೂಟರ್ ಮುಂದೆ ಕುಳಿತು ಅರ್ಜಿ ತೆರೆದ. ಹುಟ್ಟಿದ ವರ್ಷ ಆರಿಸಬೇಕಂತೆ. ಕೆಳಗೆ ಎಳೆದ, ಎಳೆದ, ಎಳೆಯುತ್ತಲೇ ಹೋದ.

"ಅಮ್ಮ, ನಿನ್ನ ವರ್ಷ ಬರೋಷ್ಟರಲ್ಲಿ ನನ್ನ ಬೆರಳು ಸವೆದೋಗತ್ತೆ."

ಆಮೇಲೆ ಪೋಷಕರ ಹೆಸರಿನ ಜಾಗ ಬಂತು. ಅದನ್ನು ತುಂಬದೆ ಮುಂದಕ್ಕೆ ಹೋಗಲು ಬಿಡುವುದೇ ಇಲ್ಲ. ಅಪ್ಪ ಅಮ್ಮ ಇಬ್ಬರೂ ಹೋಗಿ ಯಾವ ಕಾಲವಾಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಮಗ ತನ್ನ ಹೆಸರನ್ನೇ ಬರೆದ. "ಇವತ್ತಿಂದ ನಾನೇ ನಿನ್ನ ಪೋಷಕ. ಸಂಜೆ ಆರರೊಳಗೆ ಮನೇಲಿರ್ಬೇಕು. ಕ್ಯಾಂಟೀನ್ ಸುತ್ತಾಡಿದ್ದು ಗೊತ್ತಾದ್ರೆ ನೋಡು ಮತ್ತೆ" ಅಂದ. ನಿನ್ನ ಭಾವ ಒಳಗಿನಿಂದಲೇ ಕೂಗಿದರು, "ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ. ನಡುವೆ ಈ ಕಾಲೇಜು ಯಾಕಯ್ಯಾ ಅಡ್ಡ ಬಂತು?" ಹಾಗೆ ಅಂದವರೇ ಸಂದರ್ಶನದ ದಿನ ನನ್ನ ಚಪ್ಪಲಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿದ್ದರು. ಬಾಯಿಬಿಟ್ಟು ಒಳ್ಳೆಯ ಮಾತಾಡುವುದು ಅವರ ಜಾತಕದಲ್ಲಿಲ್ಲ.

ಆ ದಿನದ ವಿಷಯವನ್ನು ನಿಧಾನವಾಗಿ ಹೇಳಬೇಕು ಗುಬ್ಬಿ, ಅವಸರ ಮಾಡಬೇಡ.

ಕಾರಿಡಾರಿನಲ್ಲಿ ಉದ್ದದ ಸಾಲು. ಎಲ್ಲ ಹದಿನೆಂಟರ ಮುಖಗಳು. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುವ ಅಪ್ಪಂದಿರು, ನೀರಿನ ಬಾಟಲಿ ಹಿಡಿದ ಅಮ್ಮಂದಿರು. ಬಾಗಿಲ ಬಳಿಯ ಗುಮಾಸ್ತ ನನ್ನನ್ನು ನೋಡಿ, "ಪೋಷಕರು ಆ ಕಡೆ ಬೆಂಚಲ್ಲಿ ಕೂತ್ಕೊಳ್ಳಿ ಅಮ್ಮ" ಅಂದ. ನಾನು ಹೋಗಿ ಕುಳಿತೂಬಿಟ್ಟೆ! ಯಾರಾದರೂ ಕೂರಿ ಅಂದರೆ ಕೂರುವುದೇ ನಮಗೆ ಅಭ್ಯಾಸವಲ್ಲವೇ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಮೊಮ್ಮಗಳಿಗಾ?" ಅಂತ ಕೇಳಿದಳು. ಹೌದು ಅಂತ ತಲೆಯಾಡಿಸಿದೆ. ಯಾವ ವಿಷಯ, ಎಷ್ಟು ಅಂಕ ಅಂತೆಲ್ಲ ಕೇಳಿದಳು. ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿದೆ. "ಜಾಣೆ ಇದ್ದಾಳೆ ಬಿಡಿ" ಅಂದಳು. ಗುಮಾಸ್ತ ನನ್ನ ಹೆಸರನ್ನು ಎರಡು ಸಲ ಕೂಗಿದ ಮೇಲೆ ನಾನು ಎದ್ದು ನಿಂತೆ. ಆ ಹೆಂಗಸಿನ ಮುಖ ನೋಡಬೇಕಿತ್ತು ನೀನು.

ಒಳಗೆ ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ತಲೆ ಪೂರ್ತಿ ನರೆತ ಮೇಷ್ಟ್ರು, ಇನ್ನೊಬ್ಬರು ನಮ್ಮ ರೇಡಿಯೋಗಿಂತ ಕೊಂಚ ದೊಡ್ಡವರಿರಬಹುದಾದ ಮೇಡಂ. ಮೇಷ್ಟ್ರು ಕೇಳಿದರು, "ಓದಿದ್ರಲ್ಲಿ ಮನಸ್ಸಲ್ಲಿ ಉಳಿದಿರೋದು ಯಾವುದಾದ್ರೂ ಒಂದು ಹೇಳಿ."

ನಾನು ಏನು ಹೇಳಿರಬಹುದು ಅಂತ ನಿನಗೆ ಹೊಳೆದಿರಬೇಕು. ಕಪ್ತಾನನ ಕಥೆ! ನಿನಗೆ ಹೇಳಿದ್ದೇನೆ, ಗುಂಡನಿಗೆ ತಟ್ಟಿ ಮಲಗಿಸುವಾಗ ಹೇಳಿದ್ದೇನೆ. ಗಾಳಿ ನಿಂತು ಹಡಗು ನಡುಸಮುದ್ರದಲ್ಲಿ ಕದಲದೆ ಕುಳಿತಿದೆ. ನೀರು ಮುಗಿಯುತ್ತ ಬಂದಿದೆ. ನಾವಿಕರೆಲ್ಲ ಕತ್ತಿ ಹಿರಿದು ಕಪ್ತಾನನನ್ನು ಸುತ್ತುವರಿದಿದ್ದಾರೆ. ಆಗ ಆತ ಮೇಲೆ ಕೈ ತೋರಿಸಿ, "ನೀವು ನೋಡುತ್ತಿರುವ ಆ ನಕ್ಷತ್ರ ಈಗ ಅಲ್ಲಿ ಇರಲಿಕ್ಕೂ ಇಲ್ಲ. ಅದು ಹೊರಟು ಬಂದ ಹಳೆಯ ಬೆಳಕು. ನಿಮ್ಮ ತಾತ ಹುಟ್ಟುವ ಮೊದಲೇ ಹೊರಟು, ಈ ರಾತ್ರಿ ನಿಮ್ಮ ಕಣ್ಣಿಗೆ ತಲುಪಿದೆ" ಅನ್ನುತ್ತಾನೆ. ಅಷ್ಟು ದೂರ ಬಂದ ಬೆಳಕು ಸುಸ್ತಾಗಲಿಲ್ಲ ಅಂತ ಕೇಳಿ ನಾವಿಕರು ಕತ್ತಿ ಕೆಳಗಿಡುತ್ತಾರೆ.

ಪೂರ್ತಿ ಹೇಳಿದೆ. ಇಬ್ಬರೂ ಅಲ್ಲಾಡದೆ ಕೇಳಿದರು. ಮೇಷ್ಟ್ರು ಕನ್ನಡಕ ತೆಗೆದು, "ಇದು ಯಾವ ಪುಸ್ತಕದಲ್ಲಿ ಬರತ್ತಮ್ಮ?" ಅಂದರು.

"ಹೆಸರು ಗೊತ್ತಿಲ್ಲ ಸಾರ್. ರಟ್ಟು ಹಾಕೋದು ಒಳಕೋಣೆಲಿ."

ಅವರಿಗೆ ಅರ್ಥವಾಗಲಿಲ್ಲ. ಆಗ ನಾನು ದುಡಿಯುತ್ತಿದ್ದ ಬೈಂಡಿಂಗ್ ಶಾಪಿನ ಕೆಲಸವನ್ನು ವಿವರಿಸಿದೆ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಂ ಅನ್ನುತ್ತೇವೆ. ಒಬ್ಬೊಬ್ಬರ ಮೇಜಿಗೆ ಒಂದೊಂದು ಫಾರಮ್ಮಿನ ರಾಶಿ. ನನ್ನದು ನಡುವಿನ ಮೇಜು, ನನಗೆ ಬರುತ್ತಿದ್ದದ್ದು ಯಾವಾಗಲೂ ನಡುವಿನ ಪುಟಗಳು. ಮೊದಲ ಪುಟ ಕಿಟಕಿಯ ಬಳಿಯವಳಿಗೆ, ಕೊನೆಯದು ಗೋಡೆಯ ಬಳಿಯವಳಿಗೆ. ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದೇ ಆ ಪುಟಗಳ ಮೇಲೆ. ಹಾಗಾಗಿ ಎಷ್ಟೋ ಪುಸ್ತಕಗಳ ಹೊಟ್ಟೆ ನನಗೆ ಗೊತ್ತು, ತಲೆಯೂ ಗೊತ್ತಿಲ್ಲ, ಕಾಲೂ ಗೊತ್ತಿಲ್ಲ.

ಮೇಷ್ಟ್ರು ತುಂಬ ಮೆಲ್ಲಗೆ ಹೇಳಿದರು, "ಅಮ್ಮ, ಈ ಹಡಗಿನ ಕಥೆ ನಾನೂ ಓದಿದೀನಿ. ಆ ಕಾಲದಲ್ಲಿ ಬೆಳಕು ಬರೋಕೆ ಇಷ್ಟು ವರ್ಷ ಬೇಕು ಅಂತ ಯಾವ ಕಪ್ತಾನನಿಗೂ ಗೊತ್ತಿರ್ಲಿಲ್ಲ. ಆ ನಕ್ಷತ್ರದ ಮಾತು ಬೇರೆ ಯಾವ್ದೋ ಪುಸ್ತಕದ್ದು."

ಗುಬ್ಬಿ, ಆ ಕ್ಷಣಕ್ಕೆ ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಥಟ್ಟನೆ ಎಲ್ಲ ತಿಳಿಯಿತು. ಕಪ್ತಾನ ಬಾಯಿ ತೆರೆಯುವಲ್ಲಿಗೆ ಆ ಫಾರಂ ಮುಗಿದಿತ್ತು. ಮುಂದಿನ ರಾಶಿ ಅದೇ ಕಾಗದ, ಅದೇ ಅಕ್ಷರ. ಶುರುವಾದದ್ದೇ ನಕ್ಷತ್ರದ ಮಾತಿನಿಂದ. ಬೇರೆ ಪುಸ್ತಕ ಅಂತ ಹೇಳುವವರು ಯಾರಿದ್ದರು? ನಾನು ಎರಡನ್ನೂ ಸೇರಿಸಿ ಮನಸ್ಸಿನಲ್ಲೇ ಹೊಲಿದು, ನಾವಿಕರ ಕತ್ತಿಯನ್ನೂ ನಾನೇ ಕೆಳಗಿಡಿಸಿಬಿಟ್ಟಿದ್ದೆ. ಮುಗಿಯಿತು, ಬಂದ ದಾರಿಗೆ ಸುಂಕವಿಲ್ಲ ಅಂದುಕೊಂಡು ಚೀಲ ಎತ್ತಿಕೊಂಡೆ.

ಆಗ ಆ ಮೇಡಂ ಮುಂದಕ್ಕೆ ಬಾಗಿ, "ಕೂತ್ಕೊಳ್ಳಿ ಅಮ್ಮ, ಎಲ್ಲಿಗೆ ಹೊರಟ್ರಿ? ಕಪ್ತಾನ ಹೇಳಿಲ್ಲ, ಸರಿ. ಹಾಗಾದ್ರೆ ಆ ನಾವಿಕರಿಗೆ ಅದನ್ನ ಹೇಳಿದ್ದು ಯಾರು?" ಅಂದರು.

ನಾನು ಎತ್ತಿಕೊಂಡ ಚೀಲವನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಕುಳಿತೆ.

"ನೀವೇ ತಾನೇ?"

ಮೇಷ್ಟ್ರು ನಕ್ಕರು. ಆ ನಗು ನನ್ನ ಮೇಲಿನದಲ್ಲ, ನನಗೆ ಗೊತ್ತಾಯಿತು. ಆಮೇಲೆ ಪ್ರಶ್ನೆ ಕೇಳುತ್ತಲೇ ಹೋದರು. ಒಂದು ಕಾಗದದ ಚೂರು ಸಿಕ್ಕಾಗ ಅದರ ಹಿಂದೆ ಮುಂದೆ ಏನಿತ್ತು ಅಂತ ಹೇಗೆ ಹುಡುಕುತ್ತಾರೆ, ಊಹೆ ಎಲ್ಲಿ ನಿಲ್ಲಬೇಕು, ಸಾಕ್ಷಿ ಎಲ್ಲಿಂದ ಶುರುವಾಗಬೇಕು ಅಂತೆಲ್ಲ ಹೇಳಿದರು. ಇತಿಹಾಸ ಅಂದರೆ ಅದೇ ಅಂತೆ. ನಡುವಿನ ಪುಟವನ್ನು ಕೈಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಪ್ರಾಮಾಣಿಕವಾಗಿ ಹುಡುಕುವುದು. ನಾನು ಬಾಯಿ ತೆರೆದುಕೊಂಡು ಕೇಳಿದೆ. ಇಷ್ಟು ವರ್ಷ ನನ್ನ ತಲೆಯಲ್ಲಿ ಗಿರಿಗಿರಿ ತಿರುಗುತ್ತಿದ್ದ ಹುಚ್ಚಿಗೆ ಒಂದು ಹೆಸರಿದೆ, ಅದಕ್ಕೊಂದು ಕಟ್ಟಡ ಕಟ್ಟಿದ್ದಾರೆ, ಅದನ್ನು ಕಲಿಸಲು ಮನುಷ್ಯರನ್ನು ಕೂರಿಸಿದ್ದಾರೆ!

ಅಲ್ಲಿಂದ ಮೇಡಂ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋದರು. ಹೇಗೆ ಹೇಳಲಿ? ಒಳಗೆ ಕಾಲಿಟ್ಟಾಗ ತಾನಾಗಿ ಕೈ ಚಪ್ಪಲಿ ಬಿಚ್ಚಲು ಹೋಯಿತು. ಮೇಲೆ ನೋಡಿದರೆ ಕತ್ತು ನೋಯುವಷ್ಟು ಎತ್ತರಕ್ಕೆ ಪುಸ್ತಕಗಳು, ಒಂದೊಂದಕ್ಕೂ ರಟ್ಟು, ರಟ್ಟಿನ ಬೆನ್ನ ಮೇಲೆ ಹೆಸರು. ಹುಟ್ಟಿದಾರಭ್ಯ ಬರೀ ಹೊಟ್ಟೆಯನ್ನೇ ಕಂಡವಳಿಗೆ ಒಂದೇ ಸಲ ಅಷ್ಟು ಮುಖಗಳು ತಿರುಗಿ ನೋಡಿದಂತಾಯಿತು. ಹುಡುಗರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದರು. ಅಂಥ ಜಾಗದಲ್ಲಿ ನಿದ್ದೆ ಬರುತ್ತದೆ ಅಂದರೆ ಅವರು ಎಂಥ ಶ್ರೀಮಂತರು ನೋಡು!

ಮೇಷ್ಟ್ರು ಹೆಸರು ಬರೆದುಕೊಟ್ಟಿದ್ದರು, ಮೇಡಂ ಆ ಹಡಗಿನ ಪುಸ್ತಕವನ್ನು ಹುಡುಕಿ ನನ್ನ ಕೈಗಿಟ್ಟರು. ನಿಂತಲ್ಲೇ ತೆರೆದೆ. ನನ್ನ ಹದಿನಾರು ಪುಟ ಸಿಕ್ಕಿತು, ಕತ್ತಿ ಹಿರಿದವರೆಲ್ಲ ಇದ್ದರು, ಕಪ್ತಾನ ಬಾಯಿ ತೆರೆದ. ಪುಟ ತಿರುಗಿಸಿದೆ. ಆತ ಹೇಳಿದ್ದು ಇಷ್ಟೇ: "ನನಗೂ ದಾರಿ ಗೊತ್ತಿಲ್ಲ. ನನಗೂ ಭಯವಾಗುತ್ತಿದೆ." ಅಷ್ಟು ಕೇಳಿ ಅವರು ಕತ್ತಿ ಕೆಳಗಿಟ್ಟರಂತೆ. ನನ್ನ ನಕ್ಷತ್ರಕ್ಕಿಂತ ಆ ಮಾತು ದೊಡ್ಡದು ಅನ್ನಿಸಿತು. ಅಲ್ಲೇ ಕಪಾಟಿಗೆ ಒರಗಿ ಅತ್ತುಬಿಟ್ಟೆ. ಮೇಡಂ ಏನೂ ಕೇಳದೆ ಆ ಕಡೆ ತಿರುಗಿ ಪುಸ್ತಕ ಜೋಡಿಸುತ್ತ ನಿಂತರು. ಗುಂಡನಿಗೆ ಹೇಳು, ದೊಡ್ಡಮ್ಮ ಹೇಳಿದ ಕಥೆ ತಪ್ಪಂತೆ, ಸರಿಯಾದದ್ದನ್ನು ಬಂದಾಗ ಹೇಳುತ್ತಾಳಂತೆ ಅಂತ.

ಮೂರನೆಯ ದಿನಕ್ಕೆ ಫಲಿತಾಂಶ ಬಂತು. ನನ್ನ ಪೋಷಕ ಅದನ್ನು ಜೋರಾಗಿ ಓದಿದ. ನಿನ್ನ ಭಾವ ಪೇಪರಿನಿಂದ ತಲೆಯೆತ್ತದೆ, "ಹೋಂವರ್ಕ್ ಮಾಡ್ಕೊಡು ಅಂತ ನನ್ ಹತ್ರ ಬರಬೇಡ" ಅಂದರು. ಪೇಪರು ತಲೆಕೆಳಗಾಗಿತ್ತು.

ನಿನಗೆ, ಯಜಮಾನರಿಗೆ, ಮಕ್ಕಳಿಗೆ ನನ್ನ ತುಂಬು ಹೃದಯದ ಆಶೀರ್ವಾದ. ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನಗುನಗುತ್ತ ಇರು.

ನಿನ್ನ
ಅಕ್ಕ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಯಾವ ಕಾಲೇಜು ಅಂತ ನಾನು ಬರೆಯಲೇ ಇಲ್ಲ. ನೀನು ಊಹಿಸಿರುತ್ತೀಯ. ಹೌದು ಗುಬ್ಬಿ, ಅದೇ ಕಾಲೇಜು.

ಹದಿನೆಂಟು ವರ್ಷದವಳಾಗಿ ನೀನು ಟ್ರಂಕು ಹಿಡಿದುಕೊಂಡು ಅಲ್ಲಿಗೆ ಹೋದ ದಿನ ನಾನು ಮೇಜಿನ ಮೇಲಿನ ಹಾಳೆಗಳನ್ನು ನೋಡುತ್ತ, ಇನ್ನು ಇವುಗಳ ಮೊದಲ ಪುಟ ಕೊನೆಯ ಪುಟ ಎಲ್ಲ ಇವಳೇ ಬಂದು ಹೇಳುತ್ತಾಳೆ ಅಂತ ಹಿಗ್ಗಿದ್ದೆ. ತಿಂಗಳು ತುಂಬುವ ಮೊದಲೇ ನೀನು ಅದೇ ಟ್ರಂಕಿನೊಂದಿಗೆ ಬಾಗಿಲಲ್ಲಿ ನಿಂತಿದ್ದೆ. "ನನಗೆ ಹಿಡಿಸಲಿಲ್ಲ" ಅಂದೆ ಅಷ್ಟೇ. ಅಪ್ಪ ಬೈದರು, ಅಮ್ಮ ಅತ್ತಳು. ಹಿತ್ತಿಲಲ್ಲಿ ನೀನೊಬ್ಬಳೇ ಸಿಕ್ಕಾಗ, ಏನಾಯಿತೇ ಅಂತ ನಾನು ಕೇಳಿದೆ. ನೀನು ತಂತಿಯ ಕಡೆ ತಿರುಗಿ, "ಬಟ್ಟೆ ಒಣಗಿದ್ಯಾ ನೋಡಕ್ಕ" ಅಂದೆ. ಮುಂದಿನ ವರ್ಷ ನಿನ್ನ ಮದುವೆಯಾಯಿತು. ಆ ಮಾತು ಅಲ್ಲಿಗೇ ನಿಂತಿದೆ.

ಲೈಬ್ರರಿಯಿಂದ ಹೊರಗೆ ಬಂದ ಮೇಲೆ ಹುಡುಗಿಯರ ಹಾಸ್ಟೆಲ್ ತೋರಿಸಿ ಅಂತ ಮೇಡಂ ಅವರನ್ನು ಕೇಳಿದೆ. "ನಿಮಗ್ಯಾಕಮ್ಮ, ನೀವು ಮನೆಯಿಂದ ಬರೋರಲ್ವಾ?" ಅಂದರು. ಆದರೂ ಕರೆದುಕೊಂಡು ಹೋದರು. ಉದ್ದನೆಯ ಪಡಸಾಲೆ, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಅದರಲ್ಲಿ ನಿನ್ನದು ಯಾವುದು ಅಂತ ಹುಡುಕಿದೆ. ನನಗೆ ಅದೂ ಗೊತ್ತಿಲ್ಲ. ಯಾವ ಕೋಣೆ, ಯಾರು ಜೊತೆಗಿದ್ದರು, ಯಾರು ಏನಂದರು, ಯಾರು ಏನು ಮಾಡಿದರು, ಒಂದೂ ಗೊತ್ತಿಲ್ಲ. ಇಷ್ಟು ಬೆಳಕಿರುವ ಜಾಗದಿಂದ ನನ್ನ ತಂಗಿಯನ್ನು ಓಡಿಸಿದ್ದು ಏನು?

ಸಹಿ ನಾನು ಹಾಕುತ್ತೇನೆ, ನೀನು ಬೇಡವೆಂದರೂ ಹಾಕುತ್ತೇನೆ. ಆದರೆ ದಿನಾ ಬೆಳಿಗ್ಗೆ ಆ ಪಡಸಾಲೆಯ ಮುಂದೆಯೇ ಹಾದು ಹೋಗಬೇಕು. ಏನೂ ತಿಳಿಯದವಳ ಹಾಗೆ ಹಾದು ಹೋಗಲು ನನ್ನಿಂದಾಗದು. ನಿನಗೆ ಎಷ್ಟು ಸಾಧ್ಯವೋ ಅಷ್ಟೇ ಹೇಳು, ಒಂದು ಸಾಲಾದರೂ ಸರಿ. ಬೇಗ ಬರಿ ಗುಬ್ಬಿ.