ಸಾಲಿನಲ್ಲಿಟ್ಟ ಬಿಂದಿಗೆ

೧೪-೩-೧೯೯೯

ಅಪ್ಪನಿಗೆ ಪುಷ್ಪಲತಾಳ ನಮಸ್ಕಾರ.

ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಎಷ್ಟು ಹೊತ್ತಿಗೆಂದು ಯಾರಿಗೂ ಗೊತ್ತಿಲ್ಲ. ಬಿಂದಿಗೆಯನ್ನು ಸಾಲಿನಲ್ಲಿಟ್ಟು ಪಕ್ಕದಲ್ಲೇ ಕೂರಬೇಕು. ಎದ್ದು ಹೋದರೆ ಹಿಂದಕ್ಕೆ ತಳ್ಳುತ್ತಾರೆ. ನನಗೆ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಿ ಎಂದರೆ ಅತ್ತೆ, "ನೀನ್ ಹೋದ್ರೆ ನೀರ್ ಯಾರ್ ಹೊರ್ತಾರೆ? ಹೊತ್ತಷ್ಟೂ ಹೆರಿಗೆ ಸಲೀಸಾಯ್ತದೆ ಕಣೇ" ಅನ್ನುತ್ತಾರೆ. ನಿಮ್ಮ ಅಳಿಯಂದಿರು ಅವರ ಮಾತು ಮೀರುವುದಿಲ್ಲ; ನನಗೂ ಎದುರಾಡಲು ಬಾಯಿ ಬರುವುದಿಲ್ಲ.

೨೨ನೇ ತಾರೀಕು ಸೋಮವಾರ ಅಮ್ಮನ ಜೊತೆ ಬುತ್ತಿ ತೆಗೆದುಕೊಂಡು ಜಾವಗಲ್ ಬಸ್ಸಿಗೆ ಬನ್ನಿ. ನೀವೇ ಕೇಳಿದರೆ ಇಲ್ಲವೆನ್ನಲಾರರು.

ಇಂದು ಬೆಳಿಗ್ಗೆ ಸಾಲಿನಲ್ಲಿ ಅತ್ತೆಯ ಬಿಂದಿಗೆ ಇಟ್ಟೆ. ಇಷ್ಟು ದಿನ ಇಡುತ್ತಿದ್ದ, ಮದುವೆಯಲ್ಲಿ ನೀವು ಕೊಟ್ಟ ಬಿಂದಿಗೆಯನ್ನು ಬೂದಿಯಲ್ಲಿ ತಿಕ್ಕಿ, ಬಟ್ಟೆ ತುಂಬಿಟ್ಟ ನನ್ನ ಟ್ರಂಕಿನ ಪಕ್ಕ ಬೋರಲು ಹಾಕಿದ್ದೇನೆ.

ನಿಮ್ಮ ಮಗಳು,
ಪುಷ್ಪಲತಾ