ಬೊಟ್ಟಿಡದ ಪಟ

ದ್ಯಾವಯ್ಯ ತಾತನಿಗೆ,

ಕೃಷ್ಣರಾಜಪೇಟೆಯಿಂದ ನರಸಯ್ಯನ ಮಗಳು ಸಹನ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಮಟ್ಟಿಗೆ ಅದು ಸುಳ್ಳು, ಹಾಗಾಗಿ ಬರೆಯುವುದಿಲ್ಲ. ನಿನ್ನ ಕ್ಷೇಮ ಕೇಳೋಣವೆಂದರೆ ನೀನು ಸತ್ತು ಮೂರು ವರ್ಷವಾಗುತ್ತ ಬಂತು. ಈ ಪಿತೃಪಕ್ಷಕ್ಕೆ ನಿನ್ನ ಮಗ ಶಿವಶಂಕರ ನಿನ್ನ ಪಟದ ಮುಂದೆ ಎಡೆ ಇಡುವಾಗ, ಟೀ ಲೋಟದ ಕೆಳಗೆ ಈ ಕಾಗದವನ್ನು ಮಡಿಸಿ ಇಡಬೇಕು ಅಂತಿದ್ದೇನೆ. ಮೊದಲು ಟೀ ಕುಡಿ, ಆಮೇಲೆ ಓದು. ಓದಲು ಬರುವುದಿಲ್ಲ ಎಂದು ನೆಪ ಹೇಳಬೇಡ. ಅಲ್ಲಿ ಯಾರಾದರೂ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ, ಓದಿಸಿಕೋ.

ಮೊದಲು ಜಗಳ ಆಡಿಬಿಡುತ್ತೇನೆ, ಆಮೇಲೆ ಸಮಾಚಾರ. ಅಲ್ಲ ತಾತ, ಇನ್ನೊಂದು ವರ್ಷ ಇದ್ದು ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಎಪ್ಪತ್ತೆಂಟು ವರ್ಷ ಇದ್ದವನಿಗೆ ಇನ್ನೊಂದು ಭಾರವೇ? ನಿನ್ನ ಪಾಡಿಗೆ ನೀನು ಟವೆಲ್ ಕೊಡವಿಕೊಂಡು ಎದ್ದು ಹೋದೆ. ಇಲ್ಲಿ ನಾನು ಬೋನಿಗೆ ಬಿದ್ದಿದ್ದೇನೆ.

ನೆನಪಿದೆಯಾ, ಮೈಸೂರಿನಲ್ಲಿ ಚಿತ್ರಕಲೆ ಓದಿ ಮುಗಿಸಿ ನಾನು ಊರಿಗೆ ಬಂದದ್ದು? ಜೊತೆಯವರೆಲ್ಲ ಒಂದೊಂದು ಕಡೆ ಕೆಲಸ ಹಿಡಿದರು. ನಾನು ಬೇಕೆಂದೇ ವಾಪಸು ಬಂದೆ. ದಿನಕ್ಕೊಂದು ಮುಖ ಬರೆಯಬೇಕು, ಬದುಕಿರುವ ಮುಖ, ಎದುರಿಗೇ ಇರಬೇಕು. ಹಾಗೇ ಬದುಕಬೇಕು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ ಅದು. ಓದಿ ಓದಿ ಮರುಳಾದಳು ಎಂದು ಊರವರು ಆಡಿಕೊಂಡರು. ಅಪ್ಪನೂ ತಲೆ ಕೆರೆದುಕೊಂಡ. ಬೋರ್ಡು ಬರೆಯುವ ಅವನ ಕಸುಬನ್ನು ಫ್ಲೆಕ್ಸು ನುಂಗಿ ನೀರು ಕುಡಿದಿತ್ತು, ಮಗಳು ನೋಡಿದರೆ ಮತ್ತೆ ಬ್ರಷ್ಷು ಹಿಡಿದು ಕೂತಿದ್ದಳು. ನೀನೊಬ್ಬನೇ ಬಸ್ ಸ್ಟ್ಯಾಂಡ್ ಪಕ್ಕದ ನಿನ್ನ ಹೋಟೆಲಿನ ಮೂಲೆ ಬೆಂಚು ತೋರಿಸಿ, "ಅಲ್ಲಿ ಕೂತ್ಕೊಂಡು ಬರ್ಕೊ ಕಣವ್ವ. ಟೀ ಕುಡಿಯೋವಾಗ ಮನ್ಸನ ಮಕ ಸುಳ್ಳು ಏಳಕಿಲ್ಲ" ಅಂದೆ.

ಆ ಬೆಂಚು ನನಗೆ ಮೈಸೂರಿನ ಕ್ಲಾಸಿಗಿಂತ ಹೆಚ್ಚು ಕಲಿಸಿತು ತಾತ. ನಾಗಮಂಗಲದ ಬಸ್ಸು ತಪ್ಪಿಸಿಕೊಂಡವನು ಮೊದಲ ಗುಟುಕಿಗೆ ಬಸ್ಸನ್ನು ಬೈಯುತ್ತಾನೆ, ಎರಡನೆಯದಕ್ಕೆ ಹೆಂಡತಿಯನ್ನು ಬೈಯುತ್ತಾನೆ, ಲೋಟ ಖಾಲಿಯಾಗುವ ಹೊತ್ತಿಗೆ ತಾನೇ ನಗುತ್ತಾನೆ. ಈ ಮೂರು ಮುಖದಲ್ಲಿ ಯಾವುದನ್ನು ಬರೆಯಲಿ ಎಂದು ನಾನು ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದೆ. ಬೆಳಿಗ್ಗೆ ಎದ್ದರೆ ಇವತ್ತು ಯಾರ ಮುಖ ಸಿಗುತ್ತೋ ಎಂಬ ಕುತೂಹಲ. ಅಷ್ಟು ಖುಷಿಯಾಗಿದ್ದೆ.

ಆಮೇಲೆ ನಿನ್ನದೇ ಮುಖ ಬರೆದೆ. ಮುಂದಿನ ಹಲ್ಲು ಉದುರಿದ ನಗು, ಹೆಗಲ ಮೇಲೆ ಟವೆಲ್ಲು, ಕೈ ಮೇಲೆತ್ತಿ ಹುಯ್ಯುತ್ತಿರುವ ಟೀ. ನೀನು ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ನೇತು ಹಾಕಿದೆ. ಬಂದವರಿಗೆಲ್ಲ, "ನೋಡ್ಲಾ, ನರಸಯ್ಯನ ಮಗ್ಳು ನನ್ನ ಬದುಕಿದ್ದಂಗೇ ಗ್ವಾಡೆಗೆ ಏರಿಸ್ಬುಟ್ಟವ್ಳೆ" ಅಂತ ಹೇಳಿಕೊಂಡು ನಗುತ್ತಿದ್ದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಆಯುಧಪೂಜೆ ದಿನ ಒಲೆಗೊಂದು ಹಾರ, ಹಾಲಿನ ಕ್ಯಾನಿಗೊಂದು ಹಾರ, ಬೆಂಚಿಗೊಂದು ಹಾರ ಹಾಕಿದೆ. ಕೈಯಲ್ಲಿ ಇನ್ನೊಂದು ಉಳಿಯಿತು. ಅದನ್ನು ನಿನ್ನ ಪಟಕ್ಕೇ ಹಾಕಿ, ಊದುಬತ್ತಿ ಬೆಳಗಿ, "ನಾನೂ ಈ ಓಟ್ಲಿನ ಸಾಮಾನೇ ಅಲ್ವಾ?" ಅಂದೆ. ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ದೀಪಾವಳಿ ಬರುವುದರೊಳಗೆ ನೀನಿಲ್ಲ.

ಐವತ್ತು ವರ್ಷ ಸೇದಿದ ಬೀಡಿಯನ್ನು ಯಾರೂ ದೂರಲಿಲ್ಲ. ಬದುಕಿರುವವನ ಪಟಕ್ಕೆ ಹಾರ ಹಾಕಿದ ನಿನ್ನ ತಮಾಷೆಯನ್ನೂ ದೂರಲಿಲ್ಲ. ದೂರಿದ್ದು ನನ್ನ ಕೈಯನ್ನು. "ಅವ್ಳು ಬರುದ್ರೆ ಆಯಸ್ಸು ಕಮ್ಮಿಯಾಯ್ತದೆ" ಅನ್ನುವ ಮಾತು ನಿನ್ನ ಹೋಟೆಲಿನಲ್ಲಿ ಹುಟ್ಟಿ, ಅಲ್ಲಿಂದ ಹೊರಡುವ ಎಲ್ಲ ಬಸ್ಸು ಹತ್ತಿ ಸುತ್ತಮುತ್ತಲ ಊರಿಗೆಲ್ಲ ಹೋಯಿತು. ಮೂಲೆ ಬೆಂಚಿನಲ್ಲಿ ನಾನು ಕೂತರೆ ಎದುರಿನ ಬೆಂಚು ಖಾಲಿ. ಶಿವಶಂಕರ ಒಳ್ಳೆಯವನು, ಬರಬೇಡ ಅನ್ನಲಿಲ್ಲ. ನಾನೇ ಹೋಗುವುದು ಬಿಟ್ಟೆ. ಒಂದು ಭಾನುವಾರ ಶ್ರೀರಂಗಪಟ್ಟಣದ ತನಕ ಹೋಗಿ ಕರಿಘಟ್ಟದ ಮೆಟ್ಟಿಲ ಮೇಲೆ ಕೂತೆ, ಅಲ್ಲಿ ಗುರುತಿನವರು ಇರಲಾರರು ಎಂದು. ಪುಸ್ತಕ ತೆಗೆದೆನೋ ಇಲ್ಲವೋ, ಒಬ್ಬ ಹೆಂಗಸು ಮಗುವಿನ ಮೇಲೆ ಸೆರಗು ಎಳೆದು, "ಮಕ ಅತ್ಲಾಗ್ ತಿರುಗ್ಸು ಮಗ. ಅವಮ್ಮ ಸತ್ತೋರ್ನ ಬರಿಯೋಳು" ಅಂದಳು. ಪುಸ್ತಕ ಮಡಚಿ ವಾಪಸು ಬಸ್ಸು ಹತ್ತಿದೆ.

ಅವಳ ಮಾತು ಸುಳ್ಳೂ ಅಲ್ಲ. ನಿನ್ನ ತಿಥಿಗೆ ಬಂದವರೆಲ್ಲ ಆ ಪಟ ನೋಡಿ, "ಅಯ್ಯೋ, ಎದ್ದು ಬಂದು ಟೀ ಕೊಡ್ತಾನೇನೋ ಅನ್ನಂಗೈತೆ" ಅಂದರು. ಆಗಿನಿಂದ ಪಾಂಡವಪುರ, ನಾಗಮಂಗಲದ ಕಡೆಯಿಂದಲೂ ಯಾರ ಮನೆಯಲ್ಲಿ ಸಾವಾದರೂ ನನಗೆ ಫೋನು ಬರುತ್ತದೆ. ಹನ್ನೊಂದನೇ ದಿನಕ್ಕೆ ಪಟ ಬೇಕು. ಆಧಾರ್ ಕಾರ್ಡಿನ ಮಸುಕು ಫೋಟೋ ಕಳಿಸುತ್ತಾರೆ. ನಾನು ಆ ಮನೆಗೆ ಹೋಗಿ ಕೂತು, ಹೇಗೆ ನಗುತ್ತಿದ್ದರು, ಸಿಟ್ಟು ಬಂದರೆ ಯಾವ ಹುಬ್ಬು ಏರುತ್ತಿತ್ತು ಎಂದು ಕೇಳಿ ಕೇಳಿ ಬರೆದುಕೊಡುತ್ತೇನೆ. ನೋಡಿ ಅಳುತ್ತಾರೆ. ಅತ್ತು ಮುಗಿದ ಮೇಲೆ ಶುರು: ಆ ಮಚ್ಚೆ ತೆಗೀರಿ, ಹಲ್ಲು ತುಂಬಿಸಿ, ಕತ್ತಿಗೆ ಎರಡೆಳೆ ಸರ ಹಾಕಿ, ರೇಷ್ಮೆ ಸೀರೆ ಉಡಿಸಿ. ಬದುಕಿದ್ದಾಗ ಹಾಕದ ಸರವನ್ನು ನಾನು ಹಾಕಬೇಕು. ಬದುಕಿರುವವರು ನನ್ನ ಕಂಡರೆ ಮುಖ ಮುಚ್ಚುತ್ತಾರೆ, ಸತ್ತವರ ಮುಖವನ್ನು ಅವರ ಮನೆಯವರು ತಿದ್ದಿಸುತ್ತಾರೆ. ಅಪ್ಪನನ್ನು ಕೇಳಿದರೆ, "ಕೈ ತುಂಬ ಕೆಲ್ಸ ಐತಲ್ಲ, ಇನ್ನೇನವ್ವ ನಿಂದು?" ಅಂತಾನೆ. ಏನೆಂದು ಹೇಳಲಿ? ಕೈ ತುಂಬ ಕೆಲಸ ಇದ್ದೂ ಕೈ ಸಾಯುತ್ತಿತ್ತು ತಾತ. ಹೊಸ ಪಟ ಶುರು ಮಾಡುವ ಮೊದಲೇ ಅದು ಹೇಗೆ ಮುಗಿಯುತ್ತದೆಂದು ನನಗೆ ಗೊತ್ತು. ಬೆಳಿಗ್ಗೆ ಏಳುವಾಗ ಯಾವ ಕುತೂಹಲವೂ ಇಲ್ಲ.

ನಮ್ಮ ಕಸುಬಿನ ಒಂದು ಪದ್ಧತಿ ನಿನಗೆ ಹೇಳಿದ್ದೆನೋ ಇಲ್ಲವೋ. ಅಪ್ಪನೂ ಬೋರ್ಡಿನ ಜೊತೆಗೆ ಆಗೊಂದು ಈಗೊಂದು ಪಟ ಬರೆಯುತ್ತಿದ್ದ. ಹಣೆಯ ಬೊಟ್ಟನ್ನು ಕಟ್ಟಕಡೆಗೆ ಇಡುತ್ತಿದ್ದ. "ಬೊಟ್ಟಿಕ್ಕಿದ್ ಮ್ಯಾಲೆ ಪಟ ನಮ್ದಲ್ಲ, ಮನೆಯೋರ್ದು" ಅನ್ನುತ್ತಿದ್ದ. ಇಟ್ಟ ಮೇಲೆ ಒಂದು ಗೆರೆಯನ್ನೂ ತಿದ್ದುವ ಹಾಗಿಲ್ಲ. ನಾನೂ ಹಾಗೇ ಮಾಡುತ್ತೇನೆ. ಗಂಡನನ್ನು ಮೊದಲೇ ಕಳೆದುಕೊಂಡ ಹೆಂಗಸರ ಪಟಕ್ಕೂ ಕೆಲವು ಮನೆಯವರು ಕುಂಕುಮ ಇಡಿಸುತ್ತಾರೆ, ಅಲ್ಲಿ ಇಬ್ಬರೂ ಸೇರಿದರಲ್ಲ ಎಂದು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ತಿಳಿಯುತ್ತದೆ.

ಯುಗಾದಿ ಕಳೆದ ಮೇಲೆ ಮೈಸೂರಿನಿಂದ ಅರ್ಪಿತಳ ಫೋನು ಬಂತು. ನನ್ನ ಜೊತೆ ಓದಿದವಳು. ಗೆಳೆಯರು ಸೇರಿ ದಸರಾ ಹೊತ್ತಿಗೆ ಒಂದು ಪ್ರದರ್ಶನ ಮಾಡುತ್ತಿದ್ದಾರಂತೆ. ಒಂದೇ ಒಂದು ಚಿತ್ರ ಕಳಿಸು, ಆದರೆ ಬದುಕಿರುವವರದ್ದು, ಎದುರು ಕೂರಿಸಿಕೊಂಡು ಬರೆದದ್ದು ಆಗಬೇಕು ಅಂದಳು. ಮೈಸೂರಿನ ಗೋಡೆಯ ಮೇಲೆ ನಾನು ಬರೆದ ಒಂದು ಜೀವಂತ ಮುಖ ನಿಂತರೆ, ಅದರ ಮನುಷ್ಯ ಪಕ್ಕದಲ್ಲೇ ನಿಂತು ನಕ್ಕರೆ, ಈ ಹಾಳು ಮಾತು ಅಲ್ಲಿಗೆ ಸಾಯುತ್ತದೆ ಅನ್ನಿಸಿತು. ಬೋನಿನ ಬಾಗಿಲು ಕಂಡಿತು. ಆದರೆ ಕೂರುವವರು ಯಾರು? ಸ್ವಂತ ಚಿಕ್ಕಮ್ಮನನ್ನು ಕೇಳಿದರೆ ಮೊಮ್ಮಗಳ ಮದುವೆ ಆಗಿಬಿಡಲಿ ಅಂದಳು. ಮೊಮ್ಮಗಳು ಇನ್ನೂ ಅಂಗನವಾಡಿಯಲ್ಲಿದ್ದಾಳೆ.

ಆಗ ಬಂದವಳು ನಿನ್ನ ಹೆಂಡತಿ. ನಿಮ್ಮೂರು ಶೀಳನೆರೆಯಿಂದ ಬೆಳಗಿನ ಬಸ್ಸು ಹತ್ತಿ, ಕಂಕುಳಲ್ಲಿ ಚೀಲ ಇಟ್ಟುಕೊಂಡು ಚಿಕ್ಕಬೋರಮ್ಮಜ್ಜಿ ನಮ್ಮ ಮನೆಯ ಬಾಗಿಲಿಗೆ ಬಂದು, "ನನ್ನ ಬರ್ದುಬುಡವ್ವ" ಅಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಎರಡು ಗೆರೆ ಎಳೆದು, ಸುಮ್ಮನಿರಲಾರದೆ, "ನಿಂಗೆ ಭಯ ಇಲ್ವೇನಜ್ಜಿ?" ಅಂದೆ.

"ಭಯ ಯಾಕವ್ವ? ಅದುಕ್ಕೇ ಬಂದಿರಾದು" ಅಂದಳು. "ಅವುನ್ನ ಬರ್ದೆ, ಅಂಗೇ ಒಂಟೋದ. ನನ್ನೂ ಬರ್ದು ಕಳ್ಸಿಬುಡು."

ತಾತ, ಪೆನ್ಸಿಲ್ ಕೆಳಗಿಟ್ಟೆ. ಮೂರು ವರ್ಷಕ್ಕೆ ಒಂದು ಜೀವ ನನ್ನ ಎದುರು ತಾನಾಗಿ ಬಂದು ಕೂತಿದೆ, ಅದೂ ಸಾಯುವುದಕ್ಕೆ! ಸಿಟ್ಟು ಬಂತು, ಅಳುವೂ ಬಂತು. ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ಕೇಳಿದೆ. ಮಗ ಬಂಗಾರ, ಸೊಸೆ ಹೊತ್ತಿಗೆ ಸರಿಯಾಗಿ ಮುದ್ದೆ ಇಕ್ಕುತ್ತಾಳೆ, ಒಬ್ಬರೂ ಒಂದು ಮಾತು ಅನ್ನುವುದಿಲ್ಲ ಅಂದಳು. ಆಮೇಲೆ ಚೀಲದ ಹಿಡಿ ತಿರುವುತ್ತ, "ಎಲ್ರೂ ಮರ್ವಾದೆ ಕೊಡ್ತಾರೆ ಕಣವ್ವ, ಜಗ್ಳ ಆಡೋರೇ ಇಲ್ಲ. ಅವ್ನಿದ್ದಾಗ ಬೆಳಗಾದ್ರೆ ಸಕ್ರೆ ಜಾಸ್ತಿಯಾಯ್ತು, ಟೀ ಸೊಪ್ಪು ಕಮ್ಮಿಯಾಯ್ತು ಅಂತ ನಂಗೂ ಅವುನ್ಗೂ ಅತ್ಕತಿತ್ತು. ಈಗ ಏನಂದ್ರೂ ಊಂ ಅಂತಾವ್ರೆ. ಊಂ ಅನ್ನೋರ್ ಜತೆ ಎಷ್ಟು ದಿನ ಇರಾದು?" ಅಂದಳು.

ಕಳಿಸಿಬಿಡಬೇಕಿತ್ತು ಅನ್ನುತ್ತೀಯಾ? ಹೇಗೆ ಕಳಿಸಲಿ? ಕಿಟಕಿಯ ಬೆಳಕು ಅವಳ ಕೆನ್ನೆಯ ಸುಕ್ಕಿನೊಳಗೆ ಇಳಿದು ಕೂತಿತ್ತು. ನನ್ನ ಕೈ ಹಸಿದಿತ್ತು ತಾತ, ಮಾನ ಬಿಟ್ಟು ಹಸಿದಿತ್ತು. "ಒಂದೇ ದಿನಕ್ಕೆ ಆಗಲ್ಲ ಅಜ್ಜಿ, ಸೋಮವಾರ ಸೋಮವಾರ ಬರಬೇಕಾಗ್ತದೆ" ಎಂದು ಸುಳ್ಳು ಹೇಳಿದೆ. ನಿನ್ನನ್ನು ನಾನು ಒಂದು ಮಧ್ಯಾಹ್ನದಲ್ಲಿ ಬರೆದದ್ದು ಅವಳು ಕಣ್ಣಾರೆ ನೋಡಿದ್ದಳು. "ಅವ್ನ ಮಕ ಸಣ್ಣುದು ಬುಡು, ಬೇಗ ಆಯ್ತು" ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಮಾರನೇ ಸೋಮವಾರ ಬಂದು ಚಿತ್ರ ನೋಡಿ, "ಇದು ನನ್ ಮೂಗಲ್ಲ ಕಣವ್ವ, ನಮ್ಮತ್ತೆ ಮೂಗು" ಅಂದಳು. ನಿನ್ನ ಮೂಗೇ ಇದು ಅಂದೆ ನಾನು. ಹತ್ತಿಕೊಂಡಿತು ನೋಡು! ಕನ್ನಡಿ ತರಿಸಿದಳು. ಕನ್ನಡಿಯೇ ಸರಿಯಿಲ್ಲ ಅಂದಳು. ಅಪ್ಪನನ್ನು ಪಂಚಾಯ್ತಿಗೆ ಕರೆದಳು. ಅವನು ಇಬ್ಬರ ಮುಖವನ್ನೂ ನೋಡಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮೂಗು ಅಳಿಸಿ ಮತ್ತೆ ಬರೆದೆ. ಅದರ ಮುಂದಿನ ವಾರ ಮೊದಲಿನದೇ ಚೆನ್ನಾಗಿತ್ತು ಅಂದಳು. ನಾನು ಪೆನ್ಸಿಲ್ ಎಸೆದು ಕೂಗಾಡಿದೆ. ಅವಳು ನನಗಿಂತ ಜೋರಾಗಿ ಕೂಗಾಡಿದಳು. ಹೋಗುವಾಗ ಚೀಲದಿಂದ ಅಲಸಂದೆಕಾಯಿ ತೆಗೆದು ಅಡುಗೆಮನೆಯಲ್ಲಿ ಸುರಿದು, "ಬತ್ತೀನಿ, ಇನ್ನೂ ಕಿವಿ ವಿಚಾರ ಐತೆ" ಅಂದಳು.

ಹೀಗೆ ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಗೌರಿ ಹಬ್ಬದ ಹೊತ್ತಿಗೆ ಚಿತ್ರ ಮುಗಿದಿದೆ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷದಲ್ಲಿ ನಾನು ಇಂಥದ್ದು ಬರೆದಿಲ್ಲ ತಾತ, ಮುಂದೆಯೂ ಬರೆಯುತ್ತೇನೋ ಇಲ್ಲವೋ. ಸರ ಇಲ್ಲ, ರೇಷ್ಮೆ ಇಲ್ಲ. ಇನ್ನೇನು ಜಗಳಕ್ಕೆ ಬಾಯಿ ತೆರೆಯಬೇಕು, ಆ ಗಳಿಗೆಯ ಮುಖ. ನಿನಗಲ್ಲದೆ ಇನ್ಯಾರಿಗೆ ಗೊತ್ತು ಆ ಮುಖ! ಉಳಿದದ್ದು ಹಣೆಯೊಂದೇ. ಕೇಳಿದ್ದಕ್ಕೆ, "ಕುಂಕ್ಮ ಇಕ್ಕು. ಅವುನ್ನ ಸೇರೋಕೆ ತಾನೆ ಓಗಾದು" ಅಂದಳು. ಇಡುತ್ತೇನೆ ಅಂದೆ, ಇಡಲಿಲ್ಲ. ಮುಂದಿನ ವಾರ ಬಣ್ಣ ಒಣಗಿದೆ ಅಂದೆ. ಅದರ ಮುಂದಿನ ವಾರ ಬ್ರಷ್ಷು ಸವೆದಿದೆ ಅಂದೆ. ಅವಳು ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ.

ಅರ್ಪಿತ ದಿನಾ ಫೋನು ಮಾಡುತ್ತಿದ್ದಳು. ಚಿತ್ರದ ಫೋಟೋ ಕಳಿಸಿದ್ದೆ, ಎರಡೆರಡು ಸಲ ನೋಡಿದಳಂತೆ. ಆಮೇಲೆ, "ಬೊಟ್ಟು ಇಲ್ದಿದ್ರೇನೇ, ಹಾಗೇ ಕಳ್ಸೇ ಮಾರಾಯ್ತಿ. ಇದೊಂದು ಬಂದ್ರೆ ಸಾಕು" ಅಂದಳು. ಹಾಗೇ ಕಳಿಸಲು ಬರುವುದಿಲ್ಲ. ಮನೆಯ ಹೊಸಿಲು ದಾಟಿದರೆ ಪಟ ಮುಗಿಯಿತು ಅಂತಲೇ ಅರ್ಥ. ಮುಗಿಯಿತೆಂದರೆ ಅಜ್ಜಿಗೆ ಸೋಮವಾರವಿಲ್ಲ. ಅವಳಿಗೆ ಹೆಚ್ಚುಕಡಿಮೆ ಆದರೆ ಊರು ಏನನ್ನುತ್ತದೆ ಎಂಬ ಭಯ ಮೊದಮೊದಲು ನನಗೂ ಇತ್ತು. ಈಗ ಆ ಭಯವಲ್ಲ. ಅವಳೇ ಇಲ್ಲವಾದರೆ ಎಂಬ ಭಯ. ನನ್ನ ಕೈ ಬಗ್ಗೆ ಊರವರು ಆಡುವ ಮಾತಿನಲ್ಲಿ ನನಗೂ ಈಗ ನಂಬಿಕೆ ಬಂದುಬಿಟ್ಟಿದೆಯೋ ಏನೋ, ಕೆಂಪು ಬಣ್ಣದ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ. ಇಂದು ಚಿತ್ರ ಕಳಿಸಲು ಕಡೆಯ ದಿನ.

ಮೊನ್ನೆ ಸೋಮವಾರ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಅಜ್ಜಿ ಎದ್ದು ಚೀಲ ಎತ್ತಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಚಿತ್ರದ ಮುಂದೆ ನಿಂತಳು. "ಮುಂದಿನ್ ವಾರ ನಾನು ಬರಕ್ಕಾಗಕಿಲ್ಲ. ಅಸ ಕರ ಆಕ್ತದೆ, ಸೊಸೆಗೆ ಗೊತ್ತಾಗಕಿಲ್ಲ" ಅಂದಳು. ಆಯಿತು ಅಂದೆ. ಅವಳು ಹೋಗಲಿಲ್ಲ. ಖಾಲಿ ಹಣೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಕಡೆ ಬೆರಳು ಆಡಿಸಿ, "ನಾನಿಲ್ದಾಗ ಬೊಟ್ಟಿಕ್ಕಿ ಮುಗಿಸ್ಬುಟ್ಟೀಯ! ಜ್ವಾಕೆ" ಅಂದಳು.

ತಾತ, ಅರ್ಪಿತಳಿಗೆ ಆಗುವುದಿಲ್ಲ ಎಂದು ಈಗ ತಾನೆ ಹೇಳಿದೆ. ಅವಳು ಬೈದು ಫೋನಿಟ್ಟಳು. ಚಿತ್ರ ಗೋಡೆಗೆ ಮುಖ ಮಾಡಿ ನಿಂತಿದೆ. ಯಾರಿಗೂ ತೋರಿಸಲಾರೆ, ಯಾರಿಗೂ ಕೊಡಲಾರೆ. ನಾಗಮಂಗಲದಿಂದ ಒಬ್ಬರು ಕಾಯುತ್ತಿದ್ದಾರೆ, ಅವರ ತಂದೆಗೆ ಹಲ್ಲು ತುಂಬಿಸಬೇಕು. ಬೋನಿನ ಬಾಗಿಲನ್ನು ನಾನೇ ಹಾಕಿಕೊಂಡೆ. ಆದರೂ ಹಸು ಯಾವ ಬಣ್ಣದ ಕರು ಹಾಕುತ್ತದೋ, ಅಜ್ಜಿ ಆ ಸುದ್ದಿ ಹೇಳುವಾಗ ಅವಳ ಮುಖ ಹೇಗಿರುತ್ತದೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.

ನೀನು ಅಲ್ಲಿ ತಣ್ಣಗಿರು. ಬೀಡಿ ಕಮ್ಮಿ ಮಾಡು. ಒಲೆ ಹಚ್ಚಿಕೊಂಡು ದಾರಿ ಕಾಯುತ್ತ ಕೂತಿದ್ದರೆ ಒಂದು ಮಾತು ಕೇಳು: ಅಜ್ಜಿಯ ಟೀಗೆ ಈಗಲೇ ನೀರಿಡಬೇಡ. ಅವಳಿಗೆ ಇಲ್ಲಿ ಇನ್ನೂ ಕಿವಿಯ ವಿಚಾರ ಬಾಕಿ ಇದೆ.

ನಿನ್ನ ಮೂಲೆ ಬೆಂಚಿನವಳು,
ಸಹನ